ಹೊಳಪಿಗೆ ಎಷ್ಟು ಹೆಸರು?

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ಪಾಠ ಹೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದ ನಾನು ಹಳೆಯ ವಿದ್ಯಾರ್ಥಿಗಳಿಗೆ ಒಂದು ಪಾಠವನ್ನೇ ಒಪ್ಪಿಸಲು ಬಯಸುತ್ತೇನೆ. ವಿಷಯ, ಇಂಗ್ಲಿಷ್ ಭಾಷೆಯಲ್ಲಿ ಬೆಳಕಿನ ಹೊಳಪನ್ನು ಸೂಚಿಸುವ ಪದಗಳು. ಕನ್ನಡ ಶಾಲೆಯ ಸಂಚಿಕೆಯಲ್ಲಿ ಇಂಗ್ಲಿಷ್ ಪಾಠವೇಕೆ ಎಂದು ಕೆಲವರು ಕೇಳಬಹುದು. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಇಂಗ್ಲಿಷ್ ಬಾರದೆಂಬ ಮಾತು ನಮ್ಮ ಕಾಸರಗೋಡಿನ ಕಡೆಯ ಮನೆಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಆ ಮಾತು ಎಷ್ಟು ನಿಜವೆಂಬುದನ್ನು ಈ ಸಣ್ಣ ಪಾಠದಿಂದ ಪರೀಕ್ಷಿಸೋಣ.

ನಕ್ಷತ್ರ, ಕೆಂಡ, ಹಿತ್ತಾಳೆಯ ದೀಪ, ಬೆಳದಿಂಗಳ ಹೊಳೆ, ಈ ನಾಲ್ಕರ ಮೇಲೆ ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯ ಬರೆಯಲು ಹೇಳಿದರೆ ಹೆಚ್ಚಿನ ಮಕ್ಕಳು ನಾಲ್ಕಕ್ಕೂ ‘ಶೈನ್’ ಎಂಬ ಒಂದೇ ಪದವನ್ನು ಹಚ್ಚುತ್ತಾರೆ. ಕಿಸೆಯ ನಿಘಂಟುಗಳೂ ಹತ್ತಾರು ಪದಗಳಿಗೆ ‘ಹೊಳೆ, ಪ್ರಕಾಶಿಸು’ ಎಂದಷ್ಟೇ ಅರ್ಥ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಆದರೆ ಅದೇ ಮಗು ಕನ್ನಡದಲ್ಲಿ ಹಾಗೆ ಮಾಡುವುದಿಲ್ಲ. ಅದರ ಬಾಯಲ್ಲಿ ನಕ್ಷತ್ರ ಮಿನುಗುತ್ತದೆ, ಬಚ್ಚಲೊಲೆಯ ಕೆಂಡ ನಿಗಿನಿಗಿ ಎನ್ನುತ್ತದೆ, ಹುಣಿಸೆಹಣ್ಣಿನಿಂದ ತಿಕ್ಕಿದ ದೀಪ ಥಳಥಳಿಸುತ್ತದೆ, ಬೆಳದಿಂಗಳಲ್ಲಿ ನೀರು ಮಿರುಗುತ್ತದೆ. ಭೇದವನ್ನರಿಯುವ ಕಣ್ಣು ಮಗುವಿಗೆ ಆಗಲೇ ಇದೆ. ಕೊರತೆಯಿರುವುದು ಈ ದಡದಿಂದ ಆ ದಡಕ್ಕೆ ಹಾಕಬೇಕಾದ ಸಂಕದಲ್ಲಿ ಮಾತ್ರ.

ಸಂಕ ಹಾಕುವುದಕ್ಕೆ ಮೂರು ಪ್ರಶ್ನೆಗಳು ಸಾಕು. ಬೆಳಕು ವಸ್ತುವಿನದೇ ಆಗಿದೆಯೋ, ಹೊರಗಿನಿಂದ ಬಿದ್ದು ಮರಳಿದುದೋ? ಅದು ಸ್ಥಿರವೋ, ಚಂಚಲವೋ? ಕಣ್ಣಿಗೆ ಹಿತವೋ, ತೀಕ್ಷ್ಣವೋ?

‘ಗ್ಲೋ’ ಎಂಬುದು ಸಾಮಾನ್ಯವಾಗಿ ವಸ್ತುವಿನ ಒಳಗಿನಿಂದಲೇ ಬರುವ, ಜ್ವಾಲೆಯಿಲ್ಲದ, ಸ್ಥಿರವಾದ ಬೆಳಕು. ಕೆಂಡದ ಬೆಳಕು ಇಂಥದು. ಘನವಸ್ತುಗಳು ಸುಮಾರು ೫೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮಂದವಾದ ಕೆಂಪು ಬೆಳಕನ್ನು ಬೀರತೊಡಗುತ್ತವೆ ಎಂದು ಡ್ರೇಪರ್ ಎಂಬ ವಿಜ್ಞಾನಿ ೧೮೪೭ರಲ್ಲಿ ತೋರಿಸಿದನು. ಮಿಣುಕುಹುಳುವಿನ ಬೆಳಕಿಗೂ ‘ಗ್ಲೋ’ ಎನ್ನುವುದುಂಟು. ಅದು ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ತಣ್ಣನೆಯ ಬೆಳಕು. ಸಂತೋಷದಿಂದ ಅರಳಿದ ಮುಖಕ್ಕೂ ಈ ಪದ ಸಲ್ಲುತ್ತದೆ. ಅಲ್ಲಿ ನಾವು ‘ಮುಖದಲ್ಲಿ ಕಳೆಯಿದೆ’ ಎನ್ನುತ್ತೇವೆ.

‘ಸ್ಪಾರ್ಕಲ್’ ಪದವು ಕಿಡಿ ಎಂಬರ್ಥದ ‘ಸ್ಪಾರ್ಕ್’ನಿಂದ ಬಂದಿದೆ. ಕಿಡಿಗಳಂತೆ ಚಿಮ್ಮುವ ಬೆಳಕಿನ ಬಿಂದುಗಳಿಗೆ ಈ ಹೆಸರು. ವಜ್ರವೇ ಇದಕ್ಕೆ ಉದಾಹರಣೆ. ವಜ್ರದ ಒಳಹೊಕ್ಕ ಬೆಳಕು ಸುಮಾರು ೨೪ ಡಿಗ್ರಿಗಿಂತ ಹೆಚ್ಚು ಓರೆಯಾಗಿ ಮುಖಕ್ಕೆ ತಾಗಿದರೆ ಹೊರಬರಲಾರದೆ ಒಳಗೇ ಪ್ರತಿಫಲಿಸುತ್ತದೆ. ಸಾಧಾರಣ ಗಾಜಿನಲ್ಲಿ ಈ ಕೋನ ಸುಮಾರು ೪೨ ಡಿಗ್ರಿ. ಆದುದರಿಂದಲೇ ಗಾಜಿನ ಹರಳಿಗೆ ವಜ್ರದ ಮಿಂಚು ಬಾರದು. ‘ಗ್ಲಿಟರ್’ ಇದರ ನೆರೆಯ ಪದ. ಜರಿಸೀರೆ ಝಗಮಗಿಸುವುದಕ್ಕೆ ಇದು ಒಪ್ಪುತ್ತದೆ. ಆದರೆ ಇದರಲ್ಲಿ ಕೆಲವೊಮ್ಮೆ ಆಡಂಬರದ ಛಾಯೆಯಿರುತ್ತದೆ. ಮಗುವಿನ ಕಣ್ಣಿನ ಹೊಳಪಿಗೆ ‘ಸ್ಪಾರ್ಕಲ್’ ಎನ್ನುವುದೇ ಲೇಸು.

‘ಟ್ವಿಂಕಲ್’ ನಕ್ಷತ್ರದ ಪದ. ಜೇನ್ ಟೇಲರ್ ೧೮೦೬ರಲ್ಲಿ ಪ್ರಕಟಿಸಿದ ಶಿಶುಗೀತೆಯಿಂದ ಇದು ಬಾಲವಾಡಿಯ ಮಕ್ಕಳಿಗೂ ಪರಿಚಿತ. ಬೇರೆ ಬೇರೆ ಉಷ್ಣತೆಯ ಗಾಳಿಯ ಪದರಗಳು ಚಲಿಸುತ್ತಾ ನಕ್ಷತ್ರದ ಬೆಳಕನ್ನು ಬಾಗಿಸುವುದರಿಂದ ಅದು ಮಿನುಗುತ್ತದೆ. ಗ್ರಹಗಳು ನಮಗೆ ಬಿಂದುವಾಗಿರದೆ ಚಿಕ್ಕ ಬಿಲ್ಲೆಯಂತಿರುವುದರಿಂದ ಅಷ್ಟಾಗಿ ಮಿನುಗುವುದಿಲ್ಲ. ಇನ್ನು ‘ಶಿಮರ್’ ಎಂದರೆ ವಿಸ್ತಾರವಾದ ಮೈಯ ಮೇಲೆ ಮೆಲ್ಲನೆ ನಡುಗುವ ಮೃದುವಾದ ಬೆಳಕು. ಬೆಳದಿಂಗಳ ರಾತ್ರಿ ಚಂದ್ರಗಿರಿ ಹೊಳೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಣ್ಣ ಸಣ್ಣ ತೆರೆಗಳು ಕನ್ನಡಿಯ ಚೂರುಗಳಂತೆ ಬೆಳಕನ್ನು ಬೇರೆ ಬೇರೆ ದಿಕ್ಕಿಗೆ ಮರಳಿಸುತ್ತವೆ.

ಉಳಿದವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮಳೆಯಲ್ಲಿ ನೆನೆದ ವೀಳ್ಯದೆಲೆಯಂತೆ ಒದ್ದೆಯಾದುದರ ಅಥವಾ ಎಣ್ಣೆ ಹಚ್ಚಿದುದರ ಹೊಳಪು ‘ಗ್ಲಿಸನ್’. ಬರವಣಿಗೆಯಲ್ಲಿ ‘ಟಿ’ ಅಕ್ಷರವಿದ್ದರೂ ಉಚ್ಚಾರದಲ್ಲಿಲ್ಲ. ಕತ್ತಿಯ ಅಲಗು ತಿರುಗಿದಾಗ ಒಂದು ಕ್ಷಣ ಫಳಕ್ಕೆಂದುದು ‘ಗ್ಲಿಂಟ್’. ಉಜ್ಜಿ ನಯಮಾಡಿದ ಮರದ ಅಥವಾ ಲೋಹದ ಸೌಮ್ಯವಾದ ಹೊಳಪು ‘ಗ್ಲೀಮ್’. ಎಣ್ಣೆ ತೀರುತ್ತಾ ಬಂದ ಹಣತೆಯ ಮಿಣಮಿಣ ಬೆಳಕು ‘ಗ್ಲಿಮರ್’. ಕಣ್ಣು ಕುಕ್ಕುವ ಪ್ರಖರ ಬೆಳಕು ‘ಗ್ಲೇರ್’. ದುರುಗುಟ್ಟಿ ನೋಡುವುದಕ್ಕೂ ಅದೇ ಪದ.

ಈ ಪದಗಳಲ್ಲಿ ಹಲವು ‘ಗ್ಲ’ಕಾರದಿಂದ ಮೊದಲಾಗುವುದನ್ನು ವಾಚಕರು ಗಮನಿಸಿರಬಹುದು. ‘ಗ್ಲೋ’, ‘ಗ್ಲೀಮ್’ ಪ್ರಾಚೀನ ಇಂಗ್ಲಿಷಿನವು. ‘ಗ್ಲಿಟರ್’ ಉತ್ತರ ಯೂರೋಪಿನ ನಾರ್ಸ್ ಭಾಷೆಯಿಂದ ಬಂದುದು. ‘ಗ್ಲೋ’ ಪದವನ್ನೂ ಚಿನ್ನವೆಂಬರ್ಥದ ‘ಗೋಲ್ಡ್’ ಪದವನ್ನೂ ನಾವು ಸಂಸ್ಕೃತದಿಂದ ಪಡೆದ ‘ಹಿರಣ್ಯ’ವನ್ನೂ ಭಾಷಾಶಾಸ್ತ್ರಜ್ಞರು ಒಂದೇ ಪುರಾತನ ಧಾತುವಿಗೆ ಸೇರಿಸುತ್ತಾರೆ. ಹಾಗೆಂದು ಇದನ್ನು ನಿಯಮವೆಂದು ತಿಳಿಯಬಾರದು. ಅಂಟು ಎಂಬರ್ಥದ ‘ಗ್ಲೂ’ವಿನಲ್ಲಿ ಬೆಳಕಿಲ್ಲ. ಇದು ಕಿವಿಗೆ ಸಿಗುವ ಒಂದು ಗುರುತು ಮಾತ್ರ.

ಇಂಥದೇ ಗುರುತು ನಮ್ಮಲ್ಲಿಯೂ ಇದೆ. ಮಿಂಚು, ಮಿನುಗು, ಮಿಣುಕು, ಮಿರುಗು, ಹೀಗೆ ‘ಮಿ’ಕಾರದ ಒಂದು ಬಳಗವೇ ಕನ್ನಡದಲ್ಲಿದೆ. ನೆರೆಯ ಭಾಷೆಗಳಿಗೆ ಕಿವಿಗೊಟ್ಟರೆ ಬಳಗ ಇನ್ನೂ ದೊಡ್ಡದಾಗುತ್ತದೆ. ಮಲಯಾಳದಲ್ಲಿ ಮಿಂಚಿಗೆ ‘ಮಿನ್ನಲ್’, ಮಿಣುಕುಹುಳುವಿಗೆ ‘ಮಿನ್ನಾಮಿನುಂಗ್’. ತೆಲುಗಿನಲ್ಲಿ ಆ ಹುಳು ‘ಮಿಣುಗುರು’. ತಮಿಳಿನಲ್ಲಿ ವಿದ್ಯುತ್ತೇ ‘ಮಿನ್‌ಸಾರಂ’. ಗಡಿನಾಡಿನ ಮಗು ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಭಾಷೆಯನ್ನು ಕೇಳುತ್ತಾ ಬೆಳೆಯುತ್ತದೆ. ‘ಮಿ’ಕಾರದ ಬಳಗವನ್ನು ಅರಿತ ಮಗುವಿಗೆ ‘ಗ್ಲ’ಕಾರದ ಬಳಗವನ್ನು ಪರಿಚಯಿಸುವುದು ಅಧ್ಯಾಪಕನಿಗೆ ಕಷ್ಟದ ಕೆಲಸವಲ್ಲ.

೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ಬಳಿಕವೂ ಕನ್ನಡ ಶಾಲೆಗಳು ಇಲ್ಲಿ ಉಳಿದುಬಂದಿವೆ. ಮಕ್ಕಳನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂಬುದು ಹೆತ್ತವರ ತೀರ್ಮಾನ. ಅವರನ್ನು ನಾನು ದೂರುವುದಿಲ್ಲ. ಆದರೆ ಒಂದು ಮಾತನ್ನು ನಿಶ್ಚಯವಾಗಿ ಹೇಳಬಲ್ಲೆ. ತಾಯ್ನುಡಿಯಲ್ಲಿ ಹತ್ತು ಹೊಳಪುಗಳನ್ನು ಬೇರ್ಪಡಿಸಬಲ್ಲ ಮಗುವಿಗೆ ಪರಭಾಷೆಯಲ್ಲಿ ಹೊಸದಾಗಿ ಕಲಿಯಬೇಕಾದುದು ಹೆಸರುಗಳನ್ನು ಮಾತ್ರ. ‘ಹೊಳೆಯುತ್ತದೆ’ ಎಂಬ ಒಂದೇ ಪದದಲ್ಲಿ ಬೆಳೆದ ಮಗುವಿಗೆ ಹೆಸರನ್ನೂ ಕಲಿಸಬೇಕು, ನೋಟವನ್ನೂ ಕಲಿಸಬೇಕು. ಗ್ಯಾಸಿನ ಒಲೆ, ವಿದ್ಯುದ್ದೀಪಗಳ ಮನೆಗಳಲ್ಲಿ ನಿಗಿನಿಗಿ, ಮಿಣಮಿಣ ಎಂಬ ಪದಗಳು ತಾವಾಗಿ ಕಿವಿಗೆ ಬೀಳಲಾರವು. ಅವನ್ನು ಹಿರಿಯರೇ ಆಡಿ ಉಳಿಸಬೇಕು.

ಕೊನೆಯಲ್ಲಿ ಪದ್ಧತಿಯಂತೆ ಅಭ್ಯಾಸ. ಹುಲ್ಲಿನ ಮೇಲಣ ಇಬ್ಬನಿ, ಡಾಂಬರು ರಸ್ತೆಯ ಮೇಲಣ ಮಧ್ಯಾಹ್ನದ ಝಳ, ಬೂದಿ ಮುಚ್ಚಿದ ಕೆಂಡ, ಮದುಮಗಳ ಮೂಗುತಿ, ಈ ನಾಲ್ಕರ ಹೊಳಪನ್ನು ನಿಮ್ಮ ಮಕ್ಕಳೂ ಮೊಮ್ಮಕ್ಕಳೂ ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯದಿಂದ ಹೇಳಲಿ. ‘ಶೈನ್’ ಎಂಬ ಪದಕ್ಕೆ ಅಂಕವಿಲ್ಲ.