ಗೂಢಮಾರ್ಗದಲ್ಲಿ ಯತಿಭಂಗ: ಕರ್ನಲ್ ನೀಡುವ ಒಂದು ಎಚ್ಚರಿಕೆಯ ವಿಚಾರ

ಕ್ರಿ.ಶ. 2020ರ ಮಾರ್ಚ್ 25ರಂದು ದೇಶವೆಲ್ಲ ಕದ ಮುಚ್ಚಿ ಕುಳಿತಿತು. ನಗರದ ಕಚೇರಿಗಳಲ್ಲಿ ಗಣಕಯಂತ್ರದ ಕೆಲಸ ಮಾಡುತ್ತಿದ್ದ ತರುಣರು ಹುಟ್ಟೂರುಗಳಿಂದಲೇ ಕಚೇರಿಯ ಯಂತ್ರಗಳನ್ನು ತಲುಪಬೇಕಾಯಿತು. ಅದೇ ವಾರ, ಮಾರ್ಚ್ 29ರಂದು, ಲಿನಕ್ಸ್ ಕರ್ನಲಿನ 5.6ನೆಯ ಆವೃತ್ತಿ ಹೊರಬಂದಿತು. ಜೇಸನ್ ಡೊನೆನ್‌ಫೆಲ್ಡ್ ರಚಿಸಿದ ವೈರ್‌ಗಾರ್ಡ್ ಎಂಬ ಗೂಢಸುರಂಗವು ಆ ಆವೃತ್ತಿಯಿಂದ ಕರ್ನಲಿನ ಅಂಗವೇ ಆಯಿತು. ಎರಡು ಘಟನೆಗಳು ಒಂದೇ ವಾರದಲ್ಲಿ ಕೂಡಿದ್ದು ಕಾಕತಾಳೀಯವೇ ಸರಿ. ಆದರೆ ಮುಳ್ಳೂರಿನಂತಹ ಊರಿನ ಮನೆಯೊಂದರ ಮೂಲೆಯಲ್ಲಿರುವ ಪುಟ್ಟ ರೂಟರಿಗೂ ದೂರದ ಕಚೇರಿಗೂ ನಡುವೆ ಇಂತಹ ಸುರಂಗವೊಂದಿರುವುದು ಅಂದಿನಿಂದ ಸಾಮಾನ್ಯ ಸಂಗತಿಯಾಗಿದೆ.

ಇಂತಹ ಸುರಂಗವನ್ನು ಹೂಡಿದ ಬಳಿಕ ಕೆಲವು ಯಂತ್ರಗಳ ದಿನಚರಿಯಲ್ಲಿ, ಅಂದರೆ ಲಾಗಿನಲ್ಲಿ, ‘ಕರ್ನಲ್ ಅನ್‌ಅಲೈನ್ಡ್ ಆಕ್ಸೆಸ್’ ಎಂಬ ಸಾಲು ಕಾಣಿಸಿಕೊಳ್ಳುವುದುಂಟು. ಇದರೊಡನೆ ವೇಗವೂ ಕುಗ್ಗಿದರೆ, ಯಜಮಾನನು ಬೀಗವೇ ಕೆಟ್ಟಿತೆಂದು ಬಗೆದು ಸುರಂಗವನ್ನೇ ತೆಗೆದುಹಾಕುತ್ತಾನೆ; ಅಂದಿನಿಂದ ಅವನ ಕಚೇರಿಯ ಕಾಗದಪತ್ರಗಳು ಬಯಲಲ್ಲಿ ಸಂಚರಿಸುತ್ತವೆ. ಇಲ್ಲವೇ ಎಚ್ಚರಿಕೆಯ ಬಾಯಿಯನ್ನು ಮುಚ್ಚಿಸಿ ನೆಮ್ಮದಿಯಾಗಿರುತ್ತಾನೆ. ಎರಡೂ ತಪ್ಪುದಾರಿಗಳೇ.

ಮೊದಲು ಈ ಸಾಲಿನ ಅರ್ಥವನ್ನು ತಿಳಿಯಬೇಕು. ಮೆಮೊರಿಯೆಂಬುದು ಬೈಟುಗಳೆಂಬ ಪುಟ್ಟ ಮನೆಗಳ ಉದ್ದನೆಯ ಬೀದಿ. ಮನೆಗಳಿಗೆ ಸೊನ್ನೆಯಿಂದ ಮೊದಲಾಗಿ ಕ್ರಮಸಂಖ್ಯೆಯಿದೆ. ಸಂಸ್ಕಾರಕವು ನಾಲ್ಕು ಬೈಟುಗಳ ಒಂದು ಪದವನ್ನು ಒಮ್ಮೆಗೇ ಎತ್ತಿಕೊಳ್ಳುವಾಗ, ಆ ಪದದ ಮೊದಲ ಮನೆಯ ಸಂಖ್ಯೆಯು ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗಬೇಕು. 16ರಿಂದ ಆರಂಭವಾದರೆ ಪಂಕ್ತಿ ಶುದ್ಧ. 18ರಿಂದ ಆರಂಭವಾದರೆ ಪದವು ಎರಡು ಗುಂಪುಗಳ ನಡುವಣ ಗಡಿಯನ್ನು ದಾಟುತ್ತದೆ.

ಛಂದಸ್ಸನ್ನು ಬಲ್ಲವರಿಗೆ ಇದು ಹೊಸದಲ್ಲ. ಸಂಸ್ಕೃತ ವೃತ್ತಗಳಲ್ಲಿ ಯತಿಸ್ಥಾನಕ್ಕೆ ಪದವು ಮುಗಿಯಬೇಕೆಂಬುದು ಲಕ್ಷಣಕಾರರ ನಿಯಮ. ಹಳಗನ್ನಡ ಕವಿಗಳು ಅದೇ ವೃತ್ತಗಳನ್ನು ಕೈಗೊಂಡರೂ ಯತಿಯನ್ನು ಮೀರಿ ಪದವನ್ನು ಹರಿಯಬಿಟ್ಟರು, ಅದು ದೋಷವೆನಿಸಲಿಲ್ಲ. ಸಂಸ್ಕಾರಕಗಳಲ್ಲಿಯೂ ಈ ಎರಡು ಸಂಪ್ರದಾಯಗಳಿವೆ. ಮೇಜಿನ ಮೇಲಿನ ಇಂಟೆಲ್ ಯಂತ್ರವು ಕನ್ನಡ ಕವಿಯಂತೆ ಗಡಿಯನ್ನು ದಾಟಿದ ಪದವನ್ನೂ ಬಹುಮಟ್ಟಿಗೆ ಸದ್ದಿಲ್ಲದೆ ಓದಿಕೊಳ್ಳುತ್ತದೆ. ಸ್ಪಾರ್ಕ್ ಸಂಸ್ಕಾರಕವು ಕಟ್ಟುನಿಟ್ಟಿನ ಲಾಕ್ಷಣಿಕ; ಯತಿಭಂಗವಾದೊಡನೆ ಕೆಲಸವನ್ನು ನಿಲ್ಲಿಸಿ ಕರ್ನಲಿಗೆ ದೂರು ಕೊಡುತ್ತದೆ. ಅಗ್ಗದ ರೂಟರುಗಳಲ್ಲಿದ್ದ ಮಿಪ್ಸ್ ಸಂಸ್ಕಾರಕಗಳೂ ಹೀಗೆಯೇ. ಐದನೆಯ ಪೀಳಿಗೆಯವರೆಗಿನ ಆರ್ಮ್ ಸಂಸ್ಕಾರಕಗಳಂತೂ, ಕರ್ನಲ್ ನಡುವೆ ಬಂದು ತಿದ್ದದಿದ್ದರೆ, ಬೈಟುಗಳನ್ನು ಸುತ್ತಿಸಿ ಬೇರೊಂದು ಪದವನ್ನೇ ಕೈಗಿಡುತ್ತಿದ್ದವು. ದೂರು ಕೊಡುವವನಿಗಿಂತ ಸುಮ್ಮನೆ ತಪ್ಪಾಗಿ ಓದುವವನು ಹೆಚ್ಚು ಅಪಾಯಕಾರಿ.

ದೂರು ಬಂದಾಗ ಕರ್ನಲ್ ಆ ಪದವನ್ನು ಬಿಡಿಬಿಡಿಯಾಗಿ ಓದಿ, ಜೋಡಿಸಿ, ಸರಿಯಾದ ಫಲವನ್ನೇ ಕೊಟ್ಟು ಮುಂದುವರಿಯುತ್ತದೆ. ಆದುದರಿಂದ ಕೆಲಸ ಕೆಡುವುದಿಲ್ಲ. ಆದರೆ ಒಂದು ಆದೇಶದಿಂದ ಆಗಬೇಕಾದುದಕ್ಕೆ ಹತ್ತಾರು ಆದೇಶಗಳು ವೆಚ್ಚವಾಗುತ್ತವೆ. ಬರುವ ಪ್ರತಿಯೊಂದು ಪ್ಯಾಕೆಟ್ಟಿಗೂ ಇದು ಮರುಕಳಿಸಿದರೆ ಸಣ್ಣ ಯಂತ್ರವು ಬಸವಳಿಯುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ: ದಿನಚರಿ ತುಂಬಿಹೋಗದಿರಲೆಂದು ಕರ್ನಲ್ ಈ ಸಾಲನ್ನು ಮಿತಗೊಳಿಸಿ ಬರೆಯುತ್ತದೆ. ಐದಾರು ಸಾಲು ಕಂಡಿತೆಂದರೆ ಐದಾರು ಬಾರಿ ಮಾತ್ರ ನಡೆಯಿತೆಂದು ತಿಳಿಯಲಾಗದು.

ಬೀಗದ ಮೇಲಣ ಶಂಕೆಯನ್ನು ಸುಲಭವಾಗಿ ಪರಿಹರಿಸಬಹುದು. ಸಿರಿಭೂವಲಯದ 27 ಸಾಲು, 27 ಕಂಬಗಳ ಅಂಕಚಕ್ರದಲ್ಲಿ ಒಂದು ಮನೆಯ ಅಂಕ ತಪ್ಪಿದರೆ ಒಂದಕ್ಷರ ಕೆಡುತ್ತದೆ; ಉಳಿದುದನ್ನು ಓದಬಹುದು. ವೈರ್‌ಗಾರ್ಡಿನ ಗೂಢಲಿಪಿಯಲ್ಲಿ ಆ ಸಡಿಲಿಕೆಯಿಲ್ಲ. ಪ್ರತಿ ಪ್ಯಾಕೆಟ್ಟಿನ ಕೊನೆಯಲ್ಲಿ 16 ಬೈಟುಗಳ ಮುದ್ರೆಯಿರುತ್ತದೆ. ಒಂದು ಬಿಟ್ ವ್ಯತ್ಯಾಸವಾದರೂ ಮುದ್ರೆ ಹೊಂದದೆ ಇಡೀ ಪ್ಯಾಕೆಟ್ ತಿರಸ್ಕೃತವಾಗುತ್ತದೆ. ಹೀಗಿರುವಲ್ಲಿ, ಒಳಗಣ ಐಪಿ ಶಿರೋಲೇಖವನ್ನು ಓದುವಾಗ ಎಚ್ಚರಿಕೆ ಬಂದಿದ್ದರೆ ಬೀಗವು ಸರಿಯಾಗಿಯೇ ತೆರೆದುಕೊಂಡಿದೆ ಎಂದೇ ಅರ್ಥ.

ಹಾಗಾದರೆ ಪಂಕ್ತಿ ಕೆಟ್ಟದ್ದು ಎಲ್ಲಿ? ಎಣಿಸಿದರೆ ತಿಳಿಯುತ್ತದೆ. ಈಥರ್‌ನೆಟ್ಟಿನ ಶಿರೋಲೇಖ 14 ಬೈಟು. ಇದು ನಾಲ್ಕರ ಗುಣಕವಲ್ಲವಾದ್ದರಿಂದ ಚಾಲಕ ತಂತ್ರಾಂಶವು ಮುಂದೆ ಎರಡು ಬೈಟುಗಳನ್ನು ಖಾಲಿ ಬಿಡುತ್ತದೆ. ಐಪಿ ಶಿರೋಲೇಖವು 16ರಿಂದ ಮೊದಲಾಗುತ್ತದೆ. ಐಪಿಯ 20, ಯುಡಿಪಿಯ 8, ವೈರ್‌ಗಾರ್ಡಿನ 16 ಕೂಡಿಸಿದರೆ ಒಳಗಣ ಪ್ಯಾಕೆಟ್ 60ರಲ್ಲಿ ಆರಂಭವಾಗುತ್ತದೆ. ಶುದ್ಧ. ವೈರ್‌ಗಾರ್ಡಿನ ಶಿರೋಲೇಖದಲ್ಲಿ ಬಗೆಯನ್ನು ಸೂಚಿಸುವ ಒಂದು ಬೈಟಿನ ಹಿಂದೆಯೇ ಮೂರು ಸೊನ್ನೆ ಬೈಟುಗಳಿವೆ; ನೋಡುವವರಿಗೆ ದುಂದೆನಿಸಬಹುದು, ಅವುಗಳಿಂದಲೇ ಮುಂದಿನ ಪದಗಳು ಪಂಕ್ತಿಯಲ್ಲಿ ನಿಲ್ಲುತ್ತವೆ. ಐಪಿಸೆಕ್ ವಿಧಾನದ 8 ಬೈಟುಗಳ ಶಿರೋಲೇಖ, ಬ್ರಾಡ್‌ಬ್ಯಾಂಡಿನಲ್ಲಿ ಬಳಕೆಯಾಗುವ ಪಿಪಿಪಿಒಇಯ 8, ಆರನೆಯ ಆವೃತ್ತಿಯ ಐಪಿಯ 40, ಇವೆಲ್ಲವೂ ನಾಲ್ಕರ ಗುಣಕಗಳೇ. ಪಂಕ್ತಿಯಲ್ಲಿ ಸೇರದ ಅತಿಥಿ 14 ಒಂದೇ.

ಆ ಅತಿಥಿ ಎರಡು ಕಡೆಗಳಲ್ಲಿ ತೊಂದರೆ ಕೊಡುತ್ತಾನೆ. ಸುರಂಗದೊಳಗೆ ಬರಿಯ ಐಪಿ ಪ್ಯಾಕೆಟ್ಟನ್ನಲ್ಲದೆ ಇಡೀ ಈಥರ್‌ನೆಟ್ ಚೌಕಟ್ಟನ್ನೇ ಹೊತ್ತು ಸಾಗಿಸಿದಾಗ ಒಂದು. ವಿಎಕ್ಸ್‌ಲ್ಯಾನ್ ವಿಧಾನದಲ್ಲಿ 16, 20, 8, 8 ಕೂಡಿ 52. ಅಲ್ಲಿಂದ ಒಳಗಣ ಈಥರ್‌ನೆಟ್ಟಿನ 14 ಸೇರಿ 66. ನಾಲ್ಕರಿಂದ ಭಾಗಿಸಿದರೆ ಎರಡು ಉಳಿಯಿತು. ಮೊದಲಿನ ಎರಡು ಖಾಲಿ ಬೈಟುಗಳು ಹೊರಗಣ 14ನ್ನು ತೂಗಿಸಿದವು, ಒಳಗಣದನ್ನು ತೂಗಿಸುವವರಿಲ್ಲ. ಎರಡನೆಯದು ಯಂತ್ರದ ಹಠ. ಅಥೆರಾಸ್ ಸಂಸ್ಥೆಯ ಕೆಲವು ಹಳೆಯ ರೂಟರ್ ಚಿಪ್ಪುಗಳು ಪ್ಯಾಕೆಟ್ಟನ್ನು ಶುದ್ಧಪಂಕ್ತಿಯಿಂದಲೇ ಇಳಿಸುತ್ತಿದ್ದವು, ಎರಡು ಬೈಟು ಬಿಡಲು ಒಪ್ಪುತ್ತಿರಲಿಲ್ಲ. ಅದರಿಂದ ಐಪಿ ಶಿರೋಲೇಖವು 14ಕ್ಕೆ ಬಿದ್ದು, ಅದರೊಳಗಣ ಎಲ್ಲವೂ ಓರೆಯಾಗುತ್ತಿತ್ತು. ಓಪನ್‌ಡಬ್ಲ್ಯುಆರ್‌ಟಿ ಯೋಜನೆಯವರು ಆ ಯಂತ್ರಗಳಿಗಾಗಿಯೇ ಕರ್ನಲಿಗೆ ಪ್ರತ್ಯೇಕ ತೇಪೆ ಹಾಕಿಕೊಂಡಿದ್ದರು.

ಆದುದರಿಂದ ಶೋಧಿಸುವವನು ಸುರಂಗವನ್ನು ಕ್ಷಣಕಾಲ ನಿಲ್ಲಿಸಿ, ಸಾಮಾನ್ಯ ಸಂಚಾರದಲ್ಲಿಯೂ ಎಚ್ಚರಿಕೆ ಬರುವುದೇ ಎಂದು ನೋಡಬೇಕು. ಬಂದರೆ ಮೊದಲು ಪರೀಕ್ಷಿಸಬೇಕಾದುದು ಚಾಲಕ ತಂತ್ರಾಂಶವನ್ನು. ಬಾರದಿದ್ದರೆ ಸುರಂಗದ ಶಿರೋಲೇಖಗಳನ್ನು ಮೇಲಿನಂತೆ ಎಣಿಸಬೇಕು. ಎಚ್ಚರಿಕೆಯ ಸಾಲಿನಲ್ಲಿ ಕರ್ನಲಿನ ಯಾವುದೋ ಕಾರ್ಯಭಾಗದ ಹೆಸರಿರುತ್ತದೆ. ಅದು ಓದಿದವನ ಹೆಸರು, ಓರೆಯಾಗಿ ಇಟ್ಟವನದಲ್ಲ. ಅನೇಕರು ಎಡವುವುದು ಇಲ್ಲಿಯೇ. ಪರವೂರಿನ ಪ್ರತಿಕಾರನು ತಪ್ಪಾಗಿ ಬರೆದುದನ್ನು ಗಟ್ಟಿಯಾಗಿ ಓದಿದ ವಿದ್ಯಾರ್ಥಿಗೆ ಪೆಟ್ಟು ಬಿದ್ದಂತೆ. ಆರ್ಮ್ ಯಂತ್ರಗಳಲ್ಲಿ ಪ್ರಾಕ್ ಕಡತಮಾಲೆಯ ಸಿಪಿಯು ವಿಭಾಗದಲ್ಲಿ ಅಲೈನ್‌ಮೆಂಟ್ ಎಂಬ ಕಡತವಿದ್ದರೆ, ‘ಸಿಸ್ಟಂ’ ಎಂಬ ಸಾಲಿನ ಎಣಿಕೆ ಸಂಚಾರದೊಡನೆ ಏರುವುದೇ ಎಂದು ನೋಡಿದರೆ ನಿಜವಾದ ಪ್ರಮಾಣ ತಿಳಿಯುತ್ತದೆ.

ಪರಿಹಾರವು ಕ್ರಮವಿಧಿಕಾರನದು. ಜಾಗ ಕಾದಿರಿಸುವಾಗಲೇ ಸರಿಯಾದಷ್ಟು ಬೈಟು ಬಿಡುವುದು ಉತ್ತಮ. ಅದಾಗದಿದ್ದಲ್ಲಿ ಓರೆಯಾದ ಪದವನ್ನು ಓದಲೆಂದೇ ಕರ್ನಲಿನಲ್ಲಿರುವ ‘ಗೆಟ್ ಅನ್‌ಅಲೈನ್ಡ್’ ವಿಧಾನವನ್ನು ಬಳಸುವುದು ಮಧ್ಯಮ. ಪ್ಯಾಕೆಟ್ಟನ್ನೇ ಶುದ್ಧಸ್ಥಾನಕ್ಕೆ ನಕಲು ಮಾಡುವುದು ದುಬಾರಿ. ಬಳಕೆದಾರನ ಕೈಯಲ್ಲಿರುವುದು ಇಷ್ಟು: ಅಗತ್ಯವಿಲ್ಲದಿದ್ದರೆ ಸುರಂಗದಲ್ಲಿ ಈಥರ್‌ನೆಟ್ ಚೌಕಟ್ಟನ್ನು ಹೊರಿಸದೆ ಐಪಿಯನ್ನು ಮಾತ್ರ ಕಳುಹಿಸುವುದು, ಮತ್ತು ಕರ್ನಲ್ ಪಾಲಕರಿಗೆ ವರದಿ ಮಾಡುವಾಗ ಕರ್ನಲಿನ ಆವೃತ್ತಿ, ಸಂಸ್ಕಾರಕದ ಜಾತಿ, ಜಾಲ ಚಾಲಕದ ಹೆಸರು, ಸುರಂಗದ ಬಗೆ ಹಾಗೂ ಎಚ್ಚರಿಕೆಯ ಇಡೀ ಸಾಲನ್ನು ಒಂದಕ್ಷರವೂ ಬಿಡದೆ ಬರೆದು ಕಳುಹಿಸುವುದು.