ಕಂಟದಿಂದ ಕೀಲಿಮಣೆಗೆ

ಹೊಸ ಯಂತ್ರವೊಂದು ಸಮಾಜದೊಳಕ್ಕೆ ಕಾಲಿಟ್ಟಾಗಲೆಲ್ಲ ಜನರ ಮನಸ್ಸಿನಲ್ಲಿ ಎರಡು ಭಾವನೆಗಳು ಒಟ್ಟಿಗೆ ಹುಟ್ಟುತ್ತವೆ. ಒಂದು ಆಸೆ, ಇನ್ನೊಂದು ಅಂಜಿಕೆ. ಶ್ರಮ ಕಡಿಮೆಯಾದೀತು, ದೂರ ಹತ್ತಿರವಾದೀತು, ವಿದ್ಯೆ ಎಲ್ಲರ ಕೈಗೂ ಎಟುಕೀತು ಎಂಬುದು ಆಸೆ. ಕಲಿತ ಕಸಬು ಕೈಬಿಟ್ಟೀತು, ಹಿರಿಯರಿಂದ ಬಂದದ್ದು ಅಳಿದುಹೋದೀತು ಎಂಬುದು ಅಂಜಿಕೆ. ಇವೆರಡರಲ್ಲಿ ಯಾವುದೂ ನಿರಾಧಾರವಾದುದಲ್ಲ. ಆದರೆ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಅನುಭವವೇ ಕಲಿಸಬೇಕು. ಕನ್ನಡದ ಬರೆಹವು ಒಂದು ಸಾವಿರ ವರ್ಷಗಳಲ್ಲಿ ನಡೆದುಬಂದ ದಾರಿಯಲ್ಲಿ ಅಂತಹ ಅನುಭವ ಹೇರಳವಾಗಿದೆ.

ಪ್ರಾಚೀನ ಕವಿಗಳ ಕಾವ್ಯಗಳು ಬಹುಮಟ್ಟಿಗೆ ತಾಳೆಯ ಗರಿಗಳ ಮೇಲೆ ಉಳಿದುಬಂದವು. ಗರಿಗಳನ್ನು ಹದಮಾಡಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ಕಂಟವೆಂಬ ಕಬ್ಬಿಣದ ಲೇಖನಿಯಿಂದ ಅವುಗಳ ಮೇಲೆ ಅಕ್ಷರಗಳನ್ನು ಕೊರೆಯುತ್ತಿದ್ದರು. ಕೊರೆದ ಗೀರುಗಳಿಗೆ ಮಸಿ ಸವರಿ ಒರೆಸಿದಾಗ ಅಕ್ಷರಗಳು ಕಪ್ಪಾಗಿ ಎದ್ದು ಕಾಣುತ್ತಿದ್ದವು. ವರ್ತಕರ ಲೆಕ್ಕಪತ್ರಗಳಿಗೆ ಬೇರೊಂದು ಸಾಧನವಿತ್ತು. ಹುಣಿಸೆಬೀಜದ ಅಂಟು ಮತ್ತು ಇದ್ದಲಿನ ಪುಡಿಯನ್ನು ಬಟ್ಟೆಗೆ ಲೇಪಿಸಿ ಮಡಿಸಿದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಓಲೆಗ್ರಂಥದ ಒಂದೊಂದು ಪ್ರತಿಗೂ ಲಿಪಿಕಾರನು ಬಹುದಿನಗಳ ಕಾಲ ಕಣ್ಣು ಬೆನ್ನುಗಳನ್ನು ದಣಿಸಬೇಕಾಗಿತ್ತು. ಗೆದ್ದಲು, ತೇವ, ಬೆಂಕಿ ಇವುಗಳಿಗೆ ಸಿಕ್ಕಿ ಗರಿಗಳು ನಾಶವಾಗುತ್ತಿದ್ದುದರಿಂದ ಅದೇ ಗ್ರಂಥವನ್ನು ಮತ್ತೆ ಮತ್ತೆ ಪ್ರತಿಮಾಡಬೇಕಾಗುತ್ತಿತ್ತು. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಆ ಒಂದು ಕಾರ್ಯಕ್ಕೆ ಎಷ್ಟು ಕೈಗಳು, ಎಷ್ಟು ದಿನಗಳು, ಎಷ್ಟು ಹೊನ್ನು ಬೇಕಾಗಿದ್ದಿರಬೇಕೆಂದು ಊಹಿಸಿದರೆ, ಓದುವ ಭಾಗ್ಯವು ಅಂದು ಏಕೆ ಕೆಲವರಿಗೆ ಮಾತ್ರ ಮೀಸಲಾಗಿತ್ತೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡಕ್ಕೆ ಮುದ್ರಣಯಂತ್ರ ಬಂದಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ದೂರದ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರು ಸಮಾಚಾರ’ವನ್ನು ಆರಂಭಿಸಿದನು. ಕನ್ನಡದ ಈ ಮೊದಲ ಪತ್ರಿಕೆ ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಕಲ್ಲಚ್ಚಿಗೆ ಅಂದವಾದ ಕೈಬರೆಹವೇ ಬೇಕಾಗಿತ್ತು. ಹೀಗೆ ಹೊಸ ಯಂತ್ರವು ತನ್ನ ಮೊದಲ ಹೆಜ್ಜೆಗಳನ್ನು ಹಳೆಯ ಕೈಚಳಕದ ಆಸರೆಯಲ್ಲಿಯೇ ಇಟ್ಟಿತು. ಕಾಲಕ್ರಮದಲ್ಲಿ ಸೀಸದ ಅಚ್ಚುಮೊಳೆಗಳು ಬಳಕೆಗೆ ಬಂದು, ಊರೂರುಗಳಲ್ಲಿ ಅಚ್ಚುಕೂಟಗಳು ಹುಟ್ಟಿಕೊಂಡವು. ಮಂಗಳೂರಿನಲ್ಲಿ ಅಚ್ಚಾಗಿ 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟು ಆ ಯುಗದ ಮಹಾಸಾಧನೆ. ಅಷ್ಟು ದೊಡ್ಡ ಗ್ರಂಥವನ್ನು ಓಲೆಯ ಮೇಲೆ ಕೊರೆದು ನಾಡಿಗೆಲ್ಲ ಹಂಚುವುದು ಯಾರಿಂದಲೂ ಆಗುವ ಕೆಲಸವಾಗಿರಲಿಲ್ಲ.

ಅಚ್ಚುಕೂಟದಲ್ಲಿ ಹೊಸ ಕುಶಲಿಯೊಬ್ಬನು ಮೂಡಿಬಂದನು. ಅವನೇ ಮೊಳೆ ಜೋಡಿಸುವವನು. ಕನ್ನಡದ ವರ್ಣಮಾಲೆ ಚಿಕ್ಕದಾದರೂ ಗುಣಿತಾಕ್ಷರ ಒತ್ತಕ್ಷರಗಳು ಸೇರಿದಾಗ ಬೇಕಾಗುವ ಮೊಳೆಗಳು ನೂರಾರು ಬಗೆಯವು. ಅವೆಲ್ಲವೂ ಮರದ ಪೆಟ್ಟಿಗೆಯ ಪುಟ್ಟ ಪುಟ್ಟ ಮನೆಗಳಲ್ಲಿ ಇರುತ್ತಿದ್ದವು. ಯಾವ ಮೊಳೆ ಯಾವ ಮನೆಯಲ್ಲಿದೆಯೆಂಬುದು ಅವನ ಬೆರಳಿಗೆ ತಿಳಿದಿರುತ್ತಿತ್ತು. ಮೊಳೆಯ ಮೇಲಿನ ಅಕ್ಷರ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿರುತ್ತಿದ್ದುದರಿಂದ ಅವನು ಅದನ್ನು ಹಾಗೆಯೇ ಓದುವ ಅಭ್ಯಾಸ ಮಾಡಿಕೊಂಡಿದ್ದನು. ಲೇಖಕನ ಕಾಗುಣಿತವನ್ನು ಎಷ್ಟೋ ವೇಳೆ ಅವನೇ ತಿದ್ದುತ್ತಿದ್ದುದೂ ಉಂಟು. ಆದರೆ ಆ ಕೆಲಸದಲ್ಲಿ ಕಷ್ಟವೂ ಇತ್ತು. ಗಂಟೆಗಟ್ಟಲೆ ನಿಂತಿರಬೇಕು, ಮಂದ ಬೆಳಕಿನಲ್ಲಿ ಕಣ್ಣು ನೆಡಬೇಕು, ಆರೋಗ್ಯಕ್ಕೆ ಹಾನಿಕರವಾದ ಸೀಸವನ್ನು ದಿನವೂ ಮುಟ್ಟಬೇಕು. ಕಳೆದುಹೋದ ಕಾಲವನ್ನು ಹೊಗಳುವವರು ಈ ಕಷ್ಟವನ್ನೂ ನೆನೆಯಬೇಕು.

ಬೆರಳಚ್ಚುಯಂತ್ರವು ಬಂದಾಗ ತೊಡಕು ಮತ್ತೊಂದು ಬಗೆಯದಾಯಿತು. ಅಚ್ಚುಮೊಳೆಯ ಪೆಟ್ಟಿಗೆಯಲ್ಲಿ ನೂರಾರು ಮನೆಗಳಿದ್ದರೆ, ಬೆರಳಚ್ಚುಯಂತ್ರದಲ್ಲಿ ನೂರು ಸಂಕೇತಗಳಿಗೂ ಎಡೆಯಿರಲಿಲ್ಲ. ಕೆ. ಅನಂತಸುಬ್ಬರಾಯರು ಕನ್ನಡಕ್ಕೆ ಒಪ್ಪುವ ಕೀಲಿಮಣೆಯನ್ನು ರೂಪಿಸಿ, ಅಕ್ಷರಗಳ ಭಾಗಗಳನ್ನು ಕೂಡಿಸಿ ಪೂರ್ಣಾಕ್ಷರವನ್ನು ಮೂಡಿಸುವ ದಾರಿಯನ್ನು ತೋರಿದರು. ಯಂತ್ರಕ್ಕೆ ಅನುಕೂಲವಾಗುವಂತೆ ಲಿಪಿಯನ್ನೇ ಸರಳಗೊಳಿಸಬೇಕು, ಒತ್ತಕ್ಷರಗಳನ್ನು ಬಿಡಬೇಕು ಎಂಬ ಸಲಹೆಗಳೂ ಕೇಳಿಬಂದವು. ಅವು ಸದುದ್ದೇಶದ ಸಲಹೆಗಳೇ. ಆದರೆ ಜನರು ತಮ್ಮ ಲಿಪಿಯನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ಮಣಿದದ್ದು ಲಿಪಿಯಲ್ಲ, ಯಂತ್ರ.

ಆ ಮಣಿಯುವಿಕೆ ಗಣಕಯಂತ್ರದಲ್ಲಿ ಸಾಧ್ಯವಾಯಿತು. ಗಣಕಕ್ಕೆ ಪ್ರತಿಯೊಂದು ಗುಣಿತಾಕ್ಷರಕ್ಕೂ ಬೇರೆ ಬೇರೆ ಮೊಳೆ ಬೇಕಾಗಿಲ್ಲ. ಮೂಲವರ್ಣಗಳು ಮತ್ತು ಅವು ಕೂಡುವ ನಿಯಮ ತಿಳಿದರೆ ಸಾಕು. ‘ಸ್ತ್ರೀ’ ಎಂಬ ಅಕ್ಷರವನ್ನು ಅದು ಒಂದು ಚಿತ್ರವಾಗಿ ನೆನಪಿಡುವುದಿಲ್ಲ. ಸಕಾರ, ತಕಾರ, ರಕಾರ, ಈಕಾರಗಳನ್ನು ಉಚ್ಚಾರಣೆಯ ಕ್ರಮದಲ್ಲಿಯೇ ಇರಿಸಿಕೊಂಡು, ತೋರಿಸುವಾಗ ಒತ್ತುಗಳೊಡನೆ ರೂಪಿಸುತ್ತದೆ. ಬಾಲಕನು ಕಾಗುಣಿತವನ್ನು ಕಲಿಯುವ ಕ್ರಮವೂ ಇದೇ ಅಲ್ಲವೆ? ಈ ತತ್ತ್ವವನ್ನನುಸರಿಸಿ ಭಾರತೀಯ ಲಿಪಿಗಳಿಗೆ ಸಂಕೇತವ್ಯವಸ್ಥೆ ಏರ್ಪಟ್ಟಿತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಕೆ. ಪಿ. ರಾವ್ ಅವರು ಧ್ವನಿಯ ನಿಯಮವನ್ನೇ ಆಧರಿಸಿ ರೂಪಿಸಿದ ಕೀಲಿಮಣೆಯ ವಿನ್ಯಾಸವು, ಇಂಗ್ಲಿಷಿಗಾಗಿ ಮಾಡಿದ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡವನ್ನೆಲ್ಲ ಬರೆಯುವುದನ್ನು ಸುಲಭವಾಗಿಸಿತು. ಇಂದು ಹಳ್ಳಿಯ ರೈತನೂ ಕೈಯಲ್ಲಿ ಹಿಡಿದ ದೂರವಾಣಿಯಲ್ಲಿ ಕನ್ನಡದಲ್ಲಿ ಬರೆದು ಕಳುಹಿಸಬಲ್ಲನು. ಕಣ್ಣಿಲ್ಲದವರಿಗೆ ಗಣಕವು ಕನ್ನಡದ ಪುಟವನ್ನು ಓದಿ ಹೇಳಬಲ್ಲುದು. ಅತ್ತಿಮಬ್ಬೆಯ ಕಾಲದಲ್ಲಿ ಇದು ಯಾರ ಕನಸಿಗೂ ನಿಲುಕದ ಮಾತು.

ಇಷ್ಟರಿಂದಲೇ ಎಲ್ಲವೂ ಶುಭವಾಯಿತೆಂದು ಹೇಳಿದರೆ ಅದು ಅರ್ಧಸತ್ಯ. ಗಣಕ ಬಂದ ಮೇಲೆ ಮೊಳೆಗಳ ಪೆಟ್ಟಿಗೆಗಳು ಮೂಲೆ ಸೇರಿದವು. ಸೀಸವನ್ನು ಕರಗಿಸಿ ಮಾರಿದರು. ಜೀವಮಾನವೆಲ್ಲ ಮೊಳೆ ಜೋಡಿಸಿದವರ ಕೈಚಳಕಕ್ಕೆ ಬೆಲೆಯಿಲ್ಲದಾಯಿತು. ಅವರಲ್ಲಿ ಕೆಲವರು ಕೀಲಿಮಣೆಯ ಮುಂದೆ ಕುಳಿತು ಹೊಸ ವಿದ್ಯೆಯನ್ನು ಕಲಿತರು. ಕಾಗುಣಿತದ ಮೇಲಿನ ಹಿಡಿತ, ಪುಟದ ಅಂದವನ್ನು ಅರಿತ ಕಣ್ಣು ಅವರಿಗೆ ಅಲ್ಲಿಯೂ ನೆರವಾದವು. ಕಲಿಯಲು ಅವಕಾಶ ಸಿಗದವರು, ವಯಸ್ಸು ಮೀರಿದವರು ಬೇರೆ ಕೂಲಿಯನ್ನು ಅರಸಿ ಹೋದರು. ಓದುವ ಕೋಟಿ ಜನಕ್ಕೆ ಲಾಭವಾದಾಗ ಅದರ ಬೆಲೆಯನ್ನು ಕೆಲವರೇ ತೆತ್ತರು. ಇದನ್ನು ಮರೆತು ಪ್ರಗತಿಯನ್ನು ಕೊಂಡಾಡುವುದು ನ್ಯಾಯವಲ್ಲ. ಯಂತ್ರವನ್ನು ತರುವ ಸಮಾಜವು ಅದರಿಂದ ಕೆಲಸ ಕಳೆದುಕೊಳ್ಳುವವರಿಗೆ ಹೊಸ ವಿದ್ಯೆಯನ್ನು ಕಲಿಸುವ ಹೊಣೆಯನ್ನೂ ಹೊರಬೇಕು.

ಹೊಸದು ಹಳೆಯದನ್ನು ಕೊಲ್ಲುತ್ತದೆಂಬ ಅಂಜಿಕೆಯನ್ನೂ ಒರೆಗೆ ಹಚ್ಚಿ ನೋಡಬೇಕು. ಕೌಟಿಲ್ಯನ ಅರ್ಥಶಾಸ್ತ್ರವು ಶತಮಾನಗಳ ಕಾಲ ವಿದ್ವಾಂಸರಿಗೆ ಹೆಸರು ಮಾತ್ರವಾಗಿತ್ತು. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಯ ಕಟ್ಟೊಂದರಲ್ಲಿ ಅದನ್ನು ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದರು. ಒಂದು ಕಿಡಿ ತಗುಲಿದರೆ ಬೂದಿಯಾಗಬಹುದಾಗಿದ್ದ ಗರಿಗಳಲ್ಲಿದ್ದ ವಿದ್ಯೆ ಮುದ್ರಣದಿಂದ ಜಗತ್ತಿನ ಸೊತ್ತಾಯಿತು. ಇಂದು ಓಲೆಗ್ರಂಥಗಳ ಛಾಯಾಚಿತ್ರಗಳನ್ನು ಗಣಕದಲ್ಲಿ ಕಾದಿರಿಸುವ ಕೆಲಸ ನಡೆಯುತ್ತಿದೆ. ಆದರೆ ಆ ಹಳೆಯ ಲಿಪಿಯನ್ನು ಓದಬಲ್ಲ ಕಣ್ಣುಗಳಿಲ್ಲದೆ ಚಿತ್ರಗಳು ಮೂಕವಾಗಿರುತ್ತವೆ. ಯಂತ್ರವು ಕಾಪಾಡಬಲ್ಲುದು, ಅರ್ಥಮಾಡಿಕೊಳ್ಳುವ ಶ್ರಮ ಮನುಷ್ಯನಿಗೆ ತಪ್ಪಿದ್ದಲ್ಲ.

ಈಗ ಆಡಿದ ಮಾತನ್ನು ಕೇಳಿ ಬರೆದುಕೊಳ್ಳುವ, ಒಂದು ನುಡಿಯಿಂದ ಮತ್ತೊಂದಕ್ಕೆ ಅನುವಾದಿಸುವ, ತಾವೇ ವಾಕ್ಯಗಳನ್ನು ಹೆಣೆಯುವ ಗಣಕಗಳು ಬಂದಿವೆ. ಹಿಂದಿನ ಆಸೆ ಅಂಜಿಕೆಗಳು ಮತ್ತೆ ಎದ್ದಿವೆ. ಲಿಪಿಕಾರನಿಂದ ಮೊಳೆಗಾರನಿಗೆ, ಮೊಳೆಗಾರನಿಂದ ಬೆರಳಚ್ಚುಗಾರನಿಗೆ ಬಂದ ಅಕ್ಷರವು ಈ ತಿರುವನ್ನೂ ದಾಟೀತೆಂದು ನಂಬಲು ಕಾರಣವಿದೆ. ಹಿಂದಿನ ತಿರುವುಗಳನ್ನು ದಾಟಿಸಿದ್ದು ಯಂತ್ರದ ಬಲವೊಂದೇ ಅಲ್ಲ. ತಮ್ಮ ನುಡಿಗೆ ಯಂತ್ರವನ್ನು ಒಗ್ಗಿಸಬೇಕೆಂದು ಹಟ ಹಿಡಿದವರು, ಕಲಿತದ್ದನ್ನು ಬದಿಗಿಟ್ಟು ಮತ್ತೆ ಕಲಿಯಲು ನಾಚದವರು, ಹಳೆಯ ಕಟ್ಟುಗಳನ್ನು ಗೆದ್ದಲಿನಿಂದ ಉಳಿಸಿದವರು ಅದನ್ನು ದಾಟಿಸಿದರು. ಮುಂದಿನ ತಿರುವಿನಲ್ಲಿ ಆ ಕೆಲಸ ಇಂದು ಶಾಲೆಯ ಮಣೆಗಳ ಮೇಲೆ ಕುಳಿತಿರುವವರದು.

ಅಭ್ಯಾಸ

1. ಓಲೆಗ್ರಂಥಗಳನ್ನು ಹೇಗೆ ಬರೆಯುತ್ತಿದ್ದರು? ಅವುಗಳನ್ನು ಮತ್ತೆ ಮತ್ತೆ ಪ್ರತಿಮಾಡಬೇಕಾಗಿದ್ದುದೇಕೆ?
2. ಮೊಳೆ ಜೋಡಿಸುವವನ ಕುಶಲತೆ ಮತ್ತು ಕಷ್ಟಗಳನ್ನು ವಿವರಿಸಿರಿ.
3. ‘ಕೊನೆಗೆ ಮಣಿದದ್ದು ಲಿಪಿಯಲ್ಲ, ಯಂತ್ರ’ – ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.
4. ನಿಮ್ಮ ಊರಿನಲ್ಲಿ ಹೊಸ ಯಂತ್ರದಿಂದ ಬದಲಾದ ಒಂದು ಕಸಬನ್ನು ಕುರಿತು ಹಿರಿಯರನ್ನು ವಿಚಾರಿಸಿ, ಹತ್ತು ವಾಕ್ಯಗಳಲ್ಲಿ ಬರೆಯಿರಿ.