ಡುರಾಂಟಾ: ಹಣ್ಣು ಬೇಕಿದ್ದರೆ ಕತ್ತರಿ ಕೆಳಗಿಡಿ

ಪಾರ್ಕು, ಶಾಲೆ, ಕಚೇರಿಗಳ ಮುಂದೆ ಮಟ್ಟಸವಾಗಿ ಸವರಿದ ಹಳದಿ ಎಲೆಯ ಡುರಾಂಟಾ ಬೇಲಿಯನ್ನು ನೋಡದವರು ಕಡಿಮೆ. ಅದೇ ಗಿಡ ನೇರಳೆ ಹೂ ಬಿಟ್ಟು, ಚಿನ್ನದ ಬಣ್ಣದ ಹಣ್ಣಿನ ಗೊಂಚಲನ್ನು ಇಳಿಬಿಡುತ್ತದೆ ಎಂದರೆ ನಂಬುವವರೂ ಕಡಿಮೆಯೇ. ಡುರಾಂಟಾ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಮೇಲಿಂದ ಮೇಲೆ ಸವರುತ್ತಿದ್ದರೆ ಹೂ ಮೂಡಬೇಕಾದ ತುದಿಯೇ ಕತ್ತರಿಗೆ ಹೋಗುತ್ತದೆ. ಹಣ್ಣಿನ ಗೊಂಚಲು ಮುಗಿದ ಮೇಲೆ ಮಾತ್ರ ಒಮ್ಮೆ ಚೆನ್ನಾಗಿ ಸವರಿ, ಆಮೇಲೆ ಬಿಟ್ಟುಬಿಡಿ.

ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಈ ಗಿಡಕ್ಕೆ ನಮ್ಮ ಬಿಸಿಲು ಚೆನ್ನಾಗಿ ಒಗ್ಗುತ್ತದೆ. ನೆರಳಿನಲ್ಲಿ ನೆಟ್ಟರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಸಾರಜನಕ ಹೆಚ್ಚಾದರೂ ಅಷ್ಟೇ. ಬಲಿತೂ ಬಲಿಯದ ರೆಂಬೆಯಿಂದ ಗೇಣುದ್ದದ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿದ ಪಾಲಿಥೀನ್ ಚೀಲಕ್ಕೆ ಊರಿ, ನೆರಳಲ್ಲಿಟ್ಟು ತೇವ ಕಾಯಿರಿ. ಬೇರು ಬಂದ ಮೇಲೆ ಬೇಲಿಗೆ ಎರಡು ಅಡಿಗೊಂದರಂತೆ ನೆಡಿ. ನೀರು ನಿಲ್ಲುವ ಜಾಗ ಬೇಡ. ಬಿಳಿ ನೊಣ, ಹಿಟ್ಟು ತಿಗಣೆ ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ಜೊತೆ ಕಲಸಿ, ಎಲೆಯ ಅಡಿಭಾಗಕ್ಕೆ ತಾಗುವಂತೆ ಸಂಜೆ ಸಿಂಪಡಿಸಿ.

ನರ್ಸರಿ ನಡೆಸುವವರು ಹಳದಿ ಎಲೆಯ ತಳಿಯ ಜೊತೆಗೆ ಹಣ್ಣು ಬಿಟ್ಟ ಹಸಿರು ಗಿಡಗಳನ್ನೂ ಕುಂಡದಲ್ಲಿ ಎದುರಿಗಿಡಬೇಕೆಂಬುದು ನನ್ನ ಸಲಹೆ. ಹೂವಿನ ಪುಷ್ಪಪಾತ್ರೆಯೇ ಬೆಳೆದು ಹಣ್ಣನ್ನು ಪೂರ್ತಿ ಸುತ್ತಿಕೊಂಡಿರುತ್ತದೆ. ತುದಿಯಲ್ಲಿ ಪುಟ್ಟ ಕೊಕ್ಕು. ಬಟಾಣಿಯಷ್ಟೇ ಇರುವ ಈ ಹಣ್ಣು ಗಿಡದಲ್ಲಿ ಬಹುಕಾಲ ನಿಲ್ಲುವುದರಿಂದ ನೋಡುವವರ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಮಾರುವಾಗ ಒಂದು ಮಾತನ್ನು ಮಾತ್ರ ಮುಚ್ಚಿಡಬೇಡಿ: ಇದರ ಎಲೆ, ಹಣ್ಣು ಎರಡೂ ವಿಷ. ಹಕ್ಕಿಗಳು ತಿಂದು ಅರಗಿಸಿಕೊಳ್ಳುತ್ತವೆ, ಮಕ್ಕಳಿಗೆ ಮತ್ತು ನಾಯಿ, ಬೆಕ್ಕುಗಳಿಗೆ ಪ್ರಾಣಾಪಾಯವಿದೆ. ಅಂಗನವಾಡಿ, ಶಾಲೆಯ ಅಂಗಳಕ್ಕೆ ಹಣ್ಣು ಬಿಡುವ ಗಿಡ ಕೊಡಲೇಬೇಡಿ. ಸವರಿದ ಸೊಪ್ಪನ್ನು ದನ, ಕುರಿಗಳ ಮುಂದೆ ಹಾಕದೆ ಗೊಬ್ಬರದ ಗುಂಡಿಗೆ ಸೇರಿಸಿ. ಮಗು ಹಣ್ಣು ತಿಂದದ್ದು ಗೊತ್ತಾದರೆ ಮನೆಮದ್ದಿಗೆ ಹೊತ್ತು ಕಳೆಯದೆ, ಗಿಡದ ಒಂದು ರೆಂಬೆಯನ್ನೂ ಜೊತೆಗೆ ಹಿಡಿದು ಆಸ್ಪತ್ರೆಗೆ ಓಡಿ.

ಹಕ್ಕಿಗಳು ಬೀಜ ಹರಡಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇದು ಕಳೆಯಾಗಿದೆ. ಕಾಡಂಚಿನ, ಹಳ್ಳದ ದಡದ ಜಮೀನಿನವರು ಬೇಲಿಗೆ ಬೇರೆ ಗಿಡ ಆರಿಸಿಕೊಳ್ಳುವುದು ಒಳ್ಳೆಯದು.